ಮೇಷ್ಟ್ರು ಕೊಟ್ಟ ರಾಳ

ಆ ದಿನ ಬೆಳಗ್ಗೆ ರಿಪೇರಿಯಣ್ಣನ ಡಬ್ಬಿಯಲ್ಲಿ ರಾಳ ಮುಗಿದಿತ್ತು. ರಾಳವಿಲ್ಲದೆ ಬೆಸುಗೆ ಕೂರುವುದಿಲ್ಲ, ಬೆಸುಗೆ ಕೂರದೆ ಯಾವ ರೇಡಿಯೊವೂ ಬಾಯಿ ಬಿಡುವುದಿಲ್ಲ. ತರಬೇಕೆಂದರೆ ಪೇಟೆಯ ಆ ತುದಿಗೆ ನಡೆಯಬೇಕು. ಅವನು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೋಗಲೋ ಬೇಡವೋ ಎಂದು ನಿಂತಿದ್ದಾಗ, ಹೆಂಡತಿ ಒಳಗಿನಿಂದ ಬಂದು ಬೆಂಕಿಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು.

"ನೀವು ಸ್ನಾನಕ್ಕೆ ಹೋಗಿದ್ದಾಗ ವಿಜ್ಞಾನದ ಮೇಷ್ಟ್ರು ಕೊಟ್ಟು ಹೋದ್ರು. ಅದೇನೋ ರಾಳವಂತೆ. ತುಂಬಾ ಹಳೇದಂತೆ."

"ಏನು ಮಾಡಬೇಕಂತೆ?"

"ಸಂಜೆ ಬರ್ತಾರಂತೆ. ಹಾಲು ಉಕ್ಕುತ್ತಿತ್ತು, ಪೂರ್ತಿ ಕೇಳಿಸ್ಕೊಳ್ಳಲಿಲ್ಲ."

ಪೊಟ್ಟಣದೊಳಗೆ ಅಡಿಕೆ ಗಾತ್ರದ ಜೇನುಬಣ್ಣದ ಉಂಡೆ. ಹೋದ ವಾರ ಮೇಷ್ಟ್ರ ಎದುರೇ ರಾಳ ಮುಗಿಯುತ್ತ ಬಂತೆಂದು ಗೊಣಗಿದ್ದು ಅವನಿಗೆ ನೆನಪಾಯಿತು. ಪಾಪ, ಮನಸ್ಸಿನಲ್ಲಿಟ್ಟುಕೊಂಡು ತಂದಿದ್ದಾರೆ. ಅವನು ಚಪ್ಪಲಿ ಕಳಚಿ, ಬೆಸುಗೆ ಕಡ್ಡಿ ಕಾಯಿಸಿ, ಉಂಡೆಗೆ ಒತ್ತಿದ.

ರಾಳ ಎಂದರೆ ಮುಟ್ಟಿದ ಕೂಡಲೇ ಬೆಣ್ಣೆಯಂತೆ ಕರಗಬೇಕು. ಇದು ಕರಗಲಿಲ್ಲ. ಹೊಗೆಯಾಡಿತು, ಚಟಪಟ ಎಂದಿತು. 'ಹಳೇದಲ್ವಾ, ವಯಸ್ಸಾದವರ ಹಾಗೆ ಮೊಂಡು ಬಿದ್ದಿದೆ' ಎಂದುಕೊಂಡು ಇನ್ನಷ್ಟು ಒತ್ತಿದ. ಮಧ್ಯಾಹ್ನದ ಹೊತ್ತಿಗೆ ಉಂಡೆ ಒಡೆದು ಮೂರು ಚೂರಾಗಿ, ಎರಡು ಹೊಗೆಯಾಗಿ ಹೋಗಿದ್ದವು. ಬೆಸುಗೆ ಮಾತ್ರ ಒಂದೂ ಕೂತಿರಲಿಲ್ಲ.

ಪಕ್ಕದ ಅಂಗಡಿಯ ದರ್ಜಿ ಕೊರಳಲ್ಲಿ ಟೇಪು ಜೋಲಾಡಿಸಿಕೊಂಡು ಬಂದ. "ಏನಣ್ಣ ಸುಡ್ತಿದ್ದೀಯ? ನಮ್ಮ ಗಿರಾಕಿಗಳು ಅಳತೆ ಕೊಡೋದು ಬಿಟ್ಟು ಮೂಗೆತ್ತಿ ನಿಂತಿದ್ದಾರೆ."

ಅವನ ಬೆನ್ನಿಗೇ ಎದುರಿನ ಔಷಧಿ ಅಂಗಡಿಯ ಅಕ್ಕ ರಸ್ತೆ ದಾಟಿ ಬಂದಳು. ಉಳಿದಿದ್ದ ಹುಣಸೆಬೀಜದಷ್ಟು ಚೂರನ್ನು ಬೆಳಕಿಗೆ ಹಿಡಿದು ನೋಡಿದಳು. ದರ್ಜಿಯ ಕೈಯಲ್ಲಿದ್ದ ಉಣ್ಣೆ ಬಟ್ಟೆಗೆ ಅದನ್ನು ಗಸಗಸ ಉಜ್ಜಿ ಮೇಜಿನ ಹತ್ತಿರ ತಂದಳು. ಅವನ ತೋಳಿನಿಂದ ಉದುರಿದ್ದ ದಾರದ ಎಳೆಗಳು ಎದ್ದು ಬಂದು ಚೂರಿಗೆ ಅಂಟಿಕೊಂಡವು.

"ಇದು ಬೆಸುಗೆ ರಾಳ ಅಲ್ಲ," ಎಂದಳು ಅಕ್ಕ. "ಶಿಲಾರಾಳ. ಅಂಬರ್ ಅಂತಾರಲ್ಲ, ಅದು."

"ಅಂಬರ ಅಂದ್ರೆ ಬಟ್ಟೆ," ಎಂದ ದರ್ಜಿ. "ಇಪ್ಪತ್ತು ವರ್ಷದಿಂದ ಹೊಲೀತಿದ್ದೀನಿ, ನನಗೇ ಹೇಳಿಕೊಡ್ತೀರಾ?"

"ಆಕಾಶ ಅಲ್ವಾ?" ಎಂದಳು ಹೆಂಡತಿ ಬಾಗಿಲಿನಿಂದ.

"ಎರಡೂ ಅಲ್ಲ. ಮರದ ಅಂಟು ಮಣ್ಣಲ್ಲಿ ಹೂತು ಕಲ್ಲಾಗಿರೋದು. ಹುಲ್ಲನ್ನ ಎಳ್ಕೊಳ್ಳುತ್ತೆ ಅಂತ ತೃಣಮಣಿ ಅಂತಾನೂ ಕರೀತಾರೆ."

ರಿಪೇರಿಯಣ್ಣ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. "ಹೆಸರು ಏನಾದ್ರೂ ಇರಲಿ ಅಕ್ಕ. ಎಷ್ಟು ಹಳೇದಿರಬಹುದು?"

"ಕೋಟಿ ವರ್ಷಗಳ ಮಾತು. ನಾಲ್ಕು ಕೋಟಿ ಅಂದ್ರೂ ಆಗಬಹುದು."

"ನಾನು ಹೇಳಲಿಲ್ವಾ," ಎಂದಳು ಹೆಂಡತಿ, "ತುಂಬಾ ಹಳೇದಂತೆ ಅಂತ."

ಮೇಷ್ಟ್ರು ಬರುವುದರೊಳಗೆ ದಾರಿ ಹುಡುಕಬೇಕಿತ್ತು. ಬಣ್ಣ ಒಂದೇ ಅಲ್ಲವೇ, ಹೊಸ ರಾಳದ ಉಂಡೆ ಮಾಡಿ ಪೊಟ್ಟಣದಲ್ಲಿಡು ಎಂದ ದರ್ಜಿ. ಬೆಳಗ್ಗೆ ತಪ್ಪಿಸಿಕೊಂಡ ನಡಿಗೆಯನ್ನು ಸುಡುಬಿಸಿಲಿನಲ್ಲಿ ನಡೆದು ರಿಪೇರಿಯಣ್ಣ ರಾಳ ತಂದ, ಕರಗಿಸಿ ಉಂಡೆ ಕಟ್ಟಿದ. ಮೇಲೆಲ್ಲ ಅವನ ಬೆರಳಚ್ಚು. ಹೊಳಪು ಬರಲೆಂದು ಅಕ್ಕ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒರೆಸಿದಳು. ಉಂಡೆ ಬೆಲ್ಲದ ಪಾಕದಂತೆ ಅಂಟಾಗಿ ಹತ್ತಿಯನ್ನೆಲ್ಲ ಮೈಗೆ ಹತ್ತಿಸಿಕೊಂಡಿತು.

"ನೋಡಿ, ಇದೂ ಎಳ್ಕೊಳ್ಳುತ್ತೆ," ಎಂದ ದರ್ಜಿ. "ಇದೂ ತೃಣಮಣಿಯೇ."

ಗಡ್ಡ ಬಂದ ಆ ಉಂಡೆಯನ್ನು ರಿಪೇರಿಯಣ್ಣ ಬಹಳ ಹೊತ್ತು ನೋಡಿದ. ಮೂವತ್ತು ಮನೆಗಳ ರೇಡಿಯೊ, ಗಡಿಯಾರಗಳು ಅವನನ್ನು ನಂಬಿ ಅಂಗಡಿಯ ಕಪಾಟಿನಲ್ಲಿ ಕೂತಿದ್ದವು. ಉಂಡೆಯನ್ನು ಕಸದ ಬುಟ್ಟಿಗೆ ಹಾಕಿ, ಉಳಿದ ನಿಜವಾದ ಚೂರನ್ನು ಪೊಟ್ಟಣದಲ್ಲಿಟ್ಟು ಕಾದು ಕೂತ.

ಸಂಜೆ ಬಂದ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ವಾಸನೆ ಹೇಗಿತ್ತು?"

"ವಾಸನೆನಾ?"

"ಮೂವತ್ತು ವರ್ಷ ಇದರ ಪಾಠ ಮಾಡಿದ್ದೀನಿ ಕಣಯ್ಯ. ಸುಟ್ಟರೆ ಏನು ವಾಸನೆ ಬರುತ್ತೆ ಸಾರ್ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳ್ತಾರೆ. ಪುಸ್ತಕದಲ್ಲಿದ್ದದ್ದನ್ನ ಓದಿ ಹೇಳ್ತೀನಿ."

ರಿಪೇರಿಯಣ್ಣ ಯೋಚಿಸಿದ. "ಆಗ ತಾನೇ ಸೀಳಿದ ಮರದ ಹಾಗೆ. ಆದ್ರೆ ಆ ಮರ ಎಲ್ಲೋ ದೂರ ಇದ್ದ ಹಾಗೆ. ಸರಿಯಾಗಿ ಹೇಳೋಕೆ ಬರಲ್ಲ ಮೇಷ್ಟ್ರೇ."

ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿ ಚೂರನ್ನು ಮುಂದೆ ತಳ್ಳಿದರು. "ಇದನ್ನಿಟ್ಕೊಂಡು ಇನ್ನೇನು ಮಾಡೋದು. ಕಡ್ಡಿ ಕಾಯಿಸು."

ಹೊಗೆ ಎದ್ದಿತು. ಇಬ್ಬರೂ ಕಣ್ಣು ಮುಚ್ಚಿ ಕೂತರು. ಮನುಷ್ಯರೇ ಇಲ್ಲದ ಕಾಲದಲ್ಲಿ ಯಾವುದೋ ಮರಕ್ಕೆ ಗಾಯವಾಗಿ, ಆ ಗಾಯದಿಂದ ಸುರಿದ ಅಂಟು ಇದು ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು. ತಾನು ಇಷ್ಟು ವರ್ಷ ಬರೀ ಸುಟ್ಟ ತಂತಿಯ ವಾಸನೆಯಲ್ಲೇ ಬದುಕಿದೆನಲ್ಲ ಎಂದು ರಿಪೇರಿಯಣ್ಣನಿಗೆ ಅನಿಸಿತು. ಹೊಗೆ ಕರಗಿತು.

"ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೇ," ಎಂದ ಅವನು ಕೊನೆಗೆ. "ಸ್ವಂತದ್ದು ಹಾಳಾದ್ರೂ ಒಂದು ಮಾತು ಅನ್ನಲಿಲ್ಲ."

"ಸ್ವಂತದ್ದಾ?" ಮೇಷ್ಟ್ರು ಕಣ್ಣು ಬಿಟ್ಟರು. "ನಮ್ಮತ್ತೆಯದು ಕಣಯ್ಯ. ಅವರಜ್ಜಿ ಕೊಟ್ಟ ಪದಕ. ಕೊಂಡಿ ಕಳಚಿ ಬಿದ್ದುಹೋಗಿತ್ತು, ಹೊಸದು ಹಾಕಿಸಬೇಕಿತ್ತು. ನಮ್ಮ ಬೀದಿಯ ರಿಪೇರಿಯವನ ಕೈ ಹೂವಿನ ಹಾಗೆ ಅಂತ ಒಪ್ಪಿಸಿ ಇಸ್ಕೊಂಡು ಬಂದೆ."

"ಈಗ?"

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಾಳೆ ಬೆಳಗ್ಗೆ ಅವರೇ ಇಲ್ಲಿಗೆ ಬರ್ತಾರೆ. ನನಗೆ ಪರವೂರಲ್ಲಿ ಪರೀಕ್ಷೆ ಕೆಲಸ, ಮೊದಲ ಬಸ್ಸಿಗೇ ಹೊರಡಬೇಕು. ನೀನೇನೂ ಹೆದರಬೇಡ. ನನಗೆ ಹೇಳಿದ ಹಾಗೇ ಅವರಿಗೂ ಎಲ್ಲ ನಿಜ ಹೇಳಿಬಿಡು." ಹೊಸಿಲು ದಾಟಿದವರು ತಿರುಗಿ ನಿಂತರು. "ಆ ಕೊನೇ ಚೂರಿನ ವಿಷಯ ಒಂದು ಬಿಟ್ಟು."