ಜಿನದತ್ತ ಮಾಸ್ತರರ ಚಿರತೆ

ಜಿನದತ್ತ ಮಾಸ್ತರರ ಮನೆಯ ಬೆಕ್ಕು ಹಾಲುರೊಟ್ಟಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅಂಥ ಸಾಧುಪ್ರಾಣಿಯನ್ನು ನಾಗನೂರಿನ ಚಿರತೆ ಮಾಡಿದವರು ಸ್ವತಃ ಮಾಸ್ತರರೇ.

ಮೊಬೈಲಿನ ಸುಳ್ಳು ಸುದ್ದಿ ಹೇಗೆ ಹುಟ್ಟುತ್ತದೆ ಎಂದು ಮಕ್ಕಳಿಗೆ ಕಲಿಸಲು, ಅವರು ಬೆಕ್ಕಿನ ಮೈಗೆ ಇದ್ದಿಲಿನ ಚುಕ್ಕೆ ಇಟ್ಟು, ಕಬ್ಬಿನ ಸಾಲಿನಲ್ಲಿ ಬಿಟ್ಟು, ನೆಲಕ್ಕೆ ಬೋರಲು ಬಿದ್ದು ವಿಡಿಯೊ ತೆಗೆದಿದ್ದರು. ಮಕ್ಕಳು ಅದರ ಕೊನೆಗೆ ‘ಇದು ನಮ್ಮ ಸರ್ ಮನಿ ಬೆಕ್ಕು’ ಎಂದು ಸೇರಿಸಿ, ತಾವು ಮೊಬೈಲಿನಲ್ಲಿ ನಡೆಸುವ ಶಾಲೆಯ ಸುದ್ದಿ ‘ಸಾಲಿ ಸಮಾಚಾರ’ದಲ್ಲಿ ಹಾಕಿದರು. ಊರವರು ಕೊನೆಯನ್ನಷ್ಟೇ ಕತ್ತರಿಸಿ ತೆಗೆದು, ಉಳಿದದ್ದನ್ನು ಎಲ್ಲರಿಗೂ ಕಳಿಸಿದರು.

ಬೆಳಗಾಗುವುದರೊಳಗೆ ಆ ಕಬ್ಬು ಬೆಳೆದ ಅಪ್ಪಣ್ಣನ ಹೊಲಕ್ಕೆ ಅರಣ್ಯ ಇಲಾಖೆಯ ಬೋನು ಬಂದಿತ್ತು. ಕಬ್ಬು ಕಡಿಯುವವರು ಕುಡಗೋಲು ಕೆಳಗಿಟ್ಟು ಕೂತಿದ್ದರು. ಅವತ್ತೇ ಸಂಜೆ ಮಾಸ್ತರರನ್ನು ನೋಡಲು ಹತ್ತರಗಿಯಿಂದ ಹೆಣ್ಣಿನ ಕಡೆಯವರು ಬರುವವರು. “ಇದೂ ತಪ್ಪಿತಂದ್ರ ನಾ ಇನ್ನ ಹೆಣ್ಣ ಹುಡುಕಂಗಿಲ್ಲ,” ಎಂದು ತಾಯಿ ಸುಂದರಾಬಾಯಿ ಕೈ ತೊಳೆದುಕೊಂಡಿದ್ದರು.

“ಅದು ನಮ್ಮನಿ ಬೆಕ್ಕರಿ!” ಮಾಸ್ತರರು ಹೊಲದ ಬದುವಿನಲ್ಲಿ ನಿಂತು ಕೂಗಿದರು.

“ಬೆಕ್ಕಾಗಿದ್ರ ರಾತ್ರಿ ಗುರ್ ಅಂದದ್ದು ಯಾರ?” ಎಂದಳು ಕಬ್ಬು ಕಡಿಯುವ ಕೆಂಚವ್ವ.

“ನಿನ್ನ ಗಂಡ ಇರಬೇಕ ನೋಡವಾ,” ಯಾರೋ ಅಂದರು.

ಮಾಸ್ತರರು ಪೂರ್ತಿ ವಿಡಿಯೊ ತೋರಿಸಿದರು. ಅಪ್ಪಣ್ಣ ತಲೆ ಅಲ್ಲಾಡಿಸಿದ. “ಮೊಬೈಲಿನ್ಯಾಗ ಬಂದದ್ದನ್ನ ನಂಬಬ್ಯಾಡ್ರಿ ಅಂತ ನೀವ ಹೇಳೀರಿ. ಬೆಕ್ಕಿದ್ರ ಕೈಯಾಗ ಹಿಡದ ತೋರಸ್ರಿ.”

ಸಂಜೆಗೆಂದು ತೊಟ್ಟ ಹೊಸ ಅಂಗಿಯಲ್ಲೇ ಮಾಸ್ತರರು ಬೆಕ್ಕಿಗಾಗಿ ಊರೆಲ್ಲ ಹುಡುಕಿದರು. ಮಧ್ಯಾಹ್ನ ಸಿಕ್ಕಿತು. ಬೋನಿನೊಳಗೆ ಕಟ್ಟಿದ್ದ ಆಡಿನ ಬೆನ್ನ ಮೇಲೆ, ಜಮೀನ್ದಾರನಂತೆ ನಿದ್ದೆ ಹೊಡೆಯುತ್ತಿತ್ತು. ಮಾಸ್ತರರು ಅಂಬೆಗಾಲಿಕ್ಕಿ ಒಳಹೊಕ್ಕರು. ಬೆಕ್ಕಿನ ಭಾರಕ್ಕೆ ಬೀಳದ ಬಾಗಿಲು ಮಾಸ್ತರರ ಭಾರಕ್ಕೆ ದಢಾರನೆ ಬಿತ್ತು. ಬೆಕ್ಕು ಸರಳಿನ ಸಂದಿಯಿಂದ ನುಸುಳಿ ಕಬ್ಬಿನೊಳಗೆ ಹಾರಿತು.

“ಚಿರತಿ ತಪ್ಪಿಸ್ಕೊಂತು!” ಕಬ್ಬು ಕಡಿಯುವವರು ಬೇವಿನ ಗಿಡ ಏರಿದರು.

ಬೋನಿನ ಕೀಲಿ ಅರಣ್ಯ ಗಾರ್ಡನ ಜೇಬಿನಲ್ಲಿ ಗೋಕಾಕಕ್ಕೆ ಹೋಗಿತ್ತು. ಅಷ್ಟರಲ್ಲಿ ವಿದ್ಯಾರ್ಥಿನಿ ಶಿವಾನಿ ಮೊಬೈಲು ಹಿಡಿದು ಬಂದಳು.

“ತಗೀಬ್ಯಾಡವಾ ತಾಯಿ!” ಮಾಸ್ತರರು ಆಡಿನ ಹಿಂದೆ ಮುಖ ಮುಚ್ಚಿಕೊಂಡರು.

“ಊರಿಗೆ ಖರೆ ತಿಳೀಬೇಕಲ್ರಿ ಸರ್. ಸ್ವಲ್ಪ ಈ ಕಡೆ ನೋಡ್ರಿ.”

ಸಂಜೆಗೆ ಕೀಲಿ ಬಂತು. ಮಾಸ್ತರರು ಓಡಿಹೋಗಿ ಮೈ ತೊಳೆದು, ಬೀಗರ ಎದುರು ಕೂತರು. ಆಡಿನ ವಾಸನೆ ಮಾತ್ರ ಹೋಗಿರಲಿಲ್ಲ. ಹೆಣ್ಣಿನ ತಂದೆ ವರ್ಧಮಾನ ಬೋನಿನ ವಿಡಿಯೊ ಹಚ್ಚಿ ಮೊಬೈಲು ಮುಂದೆ ಹಿಡಿದರು.

“ಇದು ನೀವ ಏನ್ರಿ?”

ಮಾಸ್ತರರು ಮೊಬೈಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. “ಸುಳ್ಳರಿ ಕಾಕಾ. ಈಗ ಯಾರ ಮುಖಾ ಎಲ್ಲಿ ಬೇಕಾದ್ರೂ ಹಚ್ಚತಾರ. ನಾ ಸಾಲ್ಯಾಗ ಇದನ್ನ ಕಲಸ್ತೇನಿ.”

“ನಾನೂ ಹಂಗ ಅಂದೆ,” ವರ್ಧಮಾನ ನಕ್ಕರು. “ಬೋನಿನ್ಯಾಗ ಬಿದ್ರೂ ನಮಗೇನ ಅಡ್ಡಿ ಇರಲಿಲ್ಲ, ಮಂದಿ ಸಲುವಾಗಿ ಬಿದ್ದೀರಿ. ಆದ್ರ ನಮ್ಮ ಹುಡುಗಿ ಭಕ್ತಿ, ಕೊನಿತನಕಾ ನೋಡಪ್ಪಾ ಅಂದ್ಲು.”

ಅವರು ಬೆರಳು ಸರಿಸಿದರು. ಶಿವಾನಿಯ ದನಿ ಗಂಟೆಯಂತೆ ಮೊಳಗಿತು: “ಜಾಗಾ ನೋಡೇವಿ, ಕಂಡವ್ರನ್ನ ಕೇಳೇವಿ. ಬೋನಿನ್ಯಾಗ ಇದ್ದವ್ರು ನಮ್ಮ ಜಿನದತ್ತ ಸರ್. ಇದು ಖರೆ. ಹಿಂಗ ತಪಾಸ ಮಾಡಾಕ ಕಲಿಸಿದವರೂ ಅವರ.”

ವರ್ಧಮಾನ ಚಹಾದ ಕಪ್ಪು ಕೆಳಗಿಟ್ಟು, “ಸುಳ್ಳ ಹೇಳಾವ್ರಿಗೆ ಹೆಣ್ಣ ಕೊಡಂಗಿಲ್ರಿ,” ಎಂದು ಎದ್ದರು. ಈ ಸಲ ಊರವರು ಯಾರೂ ಕೊನೆಯನ್ನು ಕತ್ತರಿಸಿರಲಿಲ್ಲ.