ಚೆನ್ನಾಗಿರೋದಕ್ಕೆ ಕತ್ತರಿ ಹಾಕಂಗಿಲ್ಲ

ನಮ್ಮ ಮನೆಯಲ್ಲಿ ನಗೆಪಾಟಲಿನ ಪ್ರಸಂಗಗಳು ಆಗುತ್ತಲೇ ಇರುತ್ತವೆ, ಯಾಕೆಂದರೆ ನಮ್ಮ ಮನೆಯಲ್ಲಿ ಯಾವ ಸಾಮಾನಿಗೂ ಸಾವಿಲ್ಲ. ಹರಿದ ಸೀರೆ ಕಿಟಕಿ ಪರದೆ ಆಗುತ್ತೆ. ಪರದೆ ಹರಿದರೆ ದಿಂಬಿನ ಕವರು, ಅದೂ ಹರಿದರೆ ಮಸಿಬಟ್ಟೆ. ಮಸಿಬಟ್ಟೆ ಹರಿದರೆ ಏನಾಗುತ್ತೆ ಅಂತ ನಾನು ಕೇಳಿಲ್ಲ, ಧೈರ್ಯ ಸಾಲದು.

ಇದೆಲ್ಲ ನನ್ನ ಹೆಂಡತಿಯ ಕೆಲಸ. ಅವಳದ್ದೊಂದೇ ನೇಮ: ಚೆನ್ನಾಗಿರೋದಕ್ಕೆ ಕತ್ತರಿ ಹಾಕಂಗಿಲ್ಲ. ವಸ್ತು ತಾನಾಗೇ ಹರೀಬೇಕು, ಒಡೀಬೇಕು, ಆಮೇಲೇ ಅವಳ ಕೈಗೆ. ಬನಿಯನ್ನಿಗೆ ಸಣ್ಣ ತೂತು ಬಿದ್ದರೆ ಸಾಕು, ನಾನು ಹಾಕಿಕೊಂಡು ಕೂತಿರುವಾಗಲೇ ಹಿಂದಿನಿಂದ ಬಂದು ಬೆರಳು ತೂರಿಸಿ ನೋಡೋಳು. ನಾನು ಸರ್ಕಾರಿ ಬಸ್ ಓಡಿಸಿ ರಿಟೈರಾದವನು, ಕೋಪ ಮೂಗಿನ ತುದೀಲೇ ಇರುತ್ತೆ. "ಇನ್ನೂ ಜೀವಂತ ಇದ್ದೀನಿ ಕಣೇ!" ಅಂತ ಕೂಗುತ್ತಿದ್ದೆ.

ಇಂಥವಳು ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಮಾಗಡಿಗೆ ಹೊರಟಳು. ಮಗಳ ಬಾಣಂತನ ತವರಲ್ಲೇ ಆಗಬೇಕಿತ್ತು. ಆದರೆ ಡಾಕ್ಟರಮ್ಮ ಪ್ರಯಾಣವೇ ಕೂಡದು ಅಂದುಬಿಟ್ಟರು. ಬೀಗಿತ್ತಿಯವರಿಗೆ ಮಂಡಿನೋವು. ಹಂಗಾಗಿ ತವರೇ ಎದ್ದು ಮಗಳ ಹತ್ತಿರ ಹೋಯಿತು, ರಾಮನಗರದ ಮನೆಯಲ್ಲಿ ನಾನೊಬ್ಬ ಉಳಿದೆ.

ಮಾಗಡಿ ಏನು ಸಮುದ್ರದಾಚೆ ಇಲ್ಲ, ನಾನೇ ಬಸ್ ಓಡಿಸಿದ ರಸ್ತೆ. ಆದರೂ ಹೆಣ್ಣು ಕೊಟ್ಟ ಮನೆಗೆ ಕಾರಣ ಇಲ್ಲದೆ ಹೋಗಿ ಕೂರೋಕಾಗುತ್ತಾ? "ಹೆಂಡ್ತಿ ನೋಡಬೇಕು ಅನ್ನಿಸ್ತು, ಬಂದೆ" ಅಂತ ಈ ವಯಸ್ಸಲ್ಲಿ ಬೀಗರ ಮುಂದೆ ಬಾಯಿಬಿಟ್ಟು ಹೇಳೋಕಾಗುತ್ತಾ? ನನಗೆ ಅನ್ನಿಸುತ್ತಿದ್ದಿದ್ದಂತೂ ಅದೇ. ಬೇಕಾಗಿದ್ದು ಒಂದು ಕಾರಣ.

ನೊರೆ ಸಾರು

ಮೊದಲ ವಾರ ಹೋಟೆಲ್ ಊಟ ಮಾಡಿದೆ. ಹೊಟ್ಟೆ ಕೆಟ್ಟಿತು. ಸರಿ, ಒಂದು ಬೇಳೆಸಾರು ಮಾಡೋಕೆ ಬ್ರಹ್ಮವಿದ್ಯೆ ಬೇಕಾ ಅಂತ ಅಡುಗೆಮನೆಗೆ ನುಗ್ಗಿದೆ.

ನಮ್ಮ ಅಡುಗೆಮನೆಯಲ್ಲಿ ಡಬ್ಬಿ ಮೇಲೆ ಬರೆದಿರೋದಕ್ಕೂ ಒಳಗೆ ಇರೋದಕ್ಕೂ ಸಂಬಂಧ ಇರೋದಿಲ್ಲ. ಕಾಫಿಪುಡಿ ಬಾಟಲಿಯಲ್ಲಿ ಮೆಂತ್ಯ, ತುಪ್ಪದ ಬಾಟಲಿಯಲ್ಲಿ ಗುಂಡಿ, ಉಪ್ಪಿನಕಾಯಿ ಬಾಟಲಿಯಲ್ಲಿ ಅರಿಶಿನ. ಯಾವುದರಲ್ಲಿ ಏನಿದೆ ಅನ್ನೋದು ಅವಳ ತಲೆಯಲ್ಲಿತ್ತು. ಆ ತಲೆ ಮಾಗಡಿಯಲ್ಲಿತ್ತು. ನಾನು ಕನ್ನಡಕ ಬೇರೆ ಹಾಕಿರಲಿಲ್ಲ. ಕಂದುಬಣ್ಣದ ಪುಡಿ ಒಂದು ಸಿಕ್ಕಿತು, ಧಾರಾಳವಾಗಿ ಎರಡು ಚಮಚ ಹಾಕಿದೆ.

ಸಾರು ಕುದಿಯಿತು. ಉಕ್ಕಿತು. ಒಲೆ ಆರಿಸಿದರೂ ಉಕ್ಕುತ್ತಲೇ ಇತ್ತು. ಫೋನ್ ಮಾಡಿದೆ.

"ಲೇ, ಸಾರು ನೊರೆ ಬತ್ತಾ ಐತೆ ಕಣೇ!"

"ಎಡಗಡೆ ಚಪ್ಪಟೆ ಬಾಟ್ಲಿ ಪುಡಿ ಹಾಕಿದ್ರಾ?"

"ಹೂಂ."

"ಅಯ್ಯೋ ನನ್ನಪ್ಪ! ಅದು ಸೀಗೆಪುಡಿ!"

ನನಗೆ ಸಿಟ್ಟು ಬಂದರೂ ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು ಕೇಳಿ ಜೀವ ತಣ್ಣಗಾಯಿತು. ಪಾತ್ರೆ ಎತ್ತಿ ಬಚ್ಚಲಿಗೆ ಸುರಿಯೋಕೆ ಹೊರಟೆ. ಸದ್ದಿನಲ್ಲೇ ಅವಳಿಗೆ ಗೊತ್ತಾಗಿಹೋಯಿತು.

"ರೀ, ರೀ! ಚೆಲ್ಬ್ಯಾಡಿ! ಹೆಂಗೂ ಬಿಸಿ ಐತಲ್ಲ, ಸೋಸ್ಕೊಂಡು ತಲೆ ಉಜ್ಕೊಳಿ."

ಮಿಕ್ಸಿಗೆ ಸನ್ಮಾನ

ನಾನು ರಿಟೈರಾದ ದಿನ ಡಿಪೋ ಹುಡುಗರು ಶಾಲು ಹೊದಿಸಿ, ಕೊರಳಿಗೆ ರೇಷ್ಮೆಗೂಡಿನ ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟು ಕಳಿಸಿದ್ದರು. ಮನೆಗೆ ಬಂದ ವಾರದೊಳಗೆ ಶಾಲು ಟೀವಿ ಮೇಲೆ, ಹಾರ ಬಾಗಿಲಿಗೆ ತೋರಣ, ಪೇಟ ಮಿಕ್ಸಿ ತಲೆ ಮೇಲೆ.

"ಏನೇ ಇದು! ನನ್ನ ಮರ್ವಾದೆ ಕಣೇ ಅದು!" ಅಂತ ಆವತ್ತು ಕೂಗಾಡಿದ್ದೆ.

"ಕತ್ತರಿ ಹಾಕಿದ್ನಾ? ಧೂಳು ಕೂರದಂಗೆ ಮುಚ್ಚಿವ್ನಿ ಅಷ್ಟೆ" ಅಂದಿದ್ದಳು.

ಅವಳು ಮಾಗಡಿಗೆ ಹೋದ ಮೇಲೆ ಡಿಪೋದ ಕಂಡಕ್ಟರ್ ಒಬ್ಬ ಮಗಳ ಮದುವೆ ಕರೆಯೋಕೆ ಮನೆಗೆ ಬಂದ. ನನ್ನ ಜೊತೆಯೇ ಎಷ್ಟೋ ವರ್ಷ ಬಸ್ಸಲ್ಲಿದ್ದವನು, ಸಲಿಗೆ ಜಾಸ್ತಿ. ನೀರು ಕುಡಿಯೋಕೆ ತಾನೇ ಅಡುಗೆಮನೆಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಮಿಕ್ಸಿ ಮುಂದೆ ಕೈಮುಗಿದುಕೊಂಡು ನಿಂತಿದ್ದಾನೆ.

"ಅಣ್ಣ, ನಿಮ್ ಜತೇಲಿ ಇವ್ರೂ ರಿಟೈರಾದ್ರಾ?"

ಅವನು ಹೋದ ಮೇಲೆ ನಾನು ಮಿಕ್ಸಿ ನೋಡುತ್ತಾ ನಿಂತೆ. ನಿಜ, ಅದು ರಿಟೈರೇ ಆಗಿತ್ತು. ದಿನಾ ಬೆಳಗ್ಗೆ ಚಟ್ನಿ ರುಬ್ಬುವ ಸದ್ದಿಗೇ ನನಗೆ ಎಚ್ಚರ ಆಗುತ್ತಿದ್ದಿದ್ದು. ಬೈಕೊಂಡು ಏಳುತ್ತಿದ್ದೆ. ಈಗ ಬೈಯೋದಕ್ಕೂ ಏನೂ ಇರಲಿಲ್ಲ. ಸುಮ್ಮನೆ ಪೇಟ ತೆಗೆದು ಪಕ್ಕಕ್ಕಿಟ್ಟು, ಖಾಲಿ ಜಾರು ಇಟ್ಟು ಗುಂಡಿ ತಿರುಗಿಸಿದೆ. ಗರ್ರ್ ಅಂತು. ಮನೆ ತುಂಬಿದ ಹಾಗಾಯಿತು.

ಕಾಂಪೌಂಡ್ ಆಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು. "ಓ, ಅಕ್ಕ ಬಂದ್ರಾ? ಯಾವಾಗ ಬಂದ್ರು?"

"ಇಲ್ಲಮ್ಮ, ಬಂದಿಲ್ಲ."

"ಮತ್ತೆ ಏನ್ ರುಬ್ತಾ ಇದ್ರಿ?"

ಏನಂತ ಹೇಳಲಿ? "ಗಾಳಿ ಕಣಮ್ಮ" ಅಂದೆ.

ಚಂದ್ರಿಕೆ ಪ್ರಯಾಣ

ಕೊನೆಗೂ ಒಂದು ಕಾರಣ ಸಿಕ್ಕಿತು. ಫೋನಿನಲ್ಲಿ ಅವಳೇ ಹೇಳಿದಳು: "ಅಟ್ಟದ ಮೇಲೆ ನಮ್ಮಪ್ಪನ ಮನೆ ಚಂದ್ರಿಕೆ ಐತಲ್ಲ, ಒಸಿ ತಂದ್ಕೊಡಿ. ಹುಟ್ಟೋ ಕೂಸಿನ ಬಟ್ಟೆ ಒಣಗಾಕಕ್ಕೆ ಬೇಕು."

ಚಂದ್ರಿಕೆ ಅಂದರೆ ರೇಷ್ಮೆಹುಳ ಗೂಡು ಕಟ್ಟೋ ಬಿದಿರಿನ ತಟ್ಟಿ, ಆಳೆತ್ತರ ಇರುತ್ತೆ. ವಿರೂಪಾಕ್ಷಿಪುರದ ಅವಳ ತವರಿನವರು ಪ್ಲಾಸ್ಟಿಕ್ಕಿನದು ತಂದಾಗ ಇದನ್ನು ಸೌದೆಗೆ ಹಾಕಿದ್ದರು. ಇವಳು ಒಲೆ ಬಾಯಿಂದ ಎಳೆದು ತಂದು ಸಂಡಿಗೆ ಒಣಗಿಸುತ್ತಿದ್ದಳು. ಅಟ್ಟದಿಂದ ಇಳಿಸುವಾಗ ಹಿಂದೆಲ್ಲ ನಾನು ಎಷ್ಟು ಬೈದಿದ್ದೆನೋ, ಆವತ್ತು ಅದಕ್ಕೆ ಮುತ್ತಿಡೋದೊಂದು ಬಾಕಿ.

ಬಸ್ಸಿನ ಬಾಗಿಲಲ್ಲಿ ಅದು ಉದ್ದಕ್ಕೂ ಹೋಗಲಿಲ್ಲ, ಅಡ್ಡಕ್ಕೂ ಹೋಗಲಿಲ್ಲ. ನೋಡಿದರೆ ಅದೇ ಸಲಿಗೆಯ ಕಂಡಕ್ಟರ್!

"ಅಣ್ಣ, ಇವ್ರಿಗೆ ಲಗೇಜ್ ಹಾಕ್ಲಾ, ಫುಲ್ ಟಿಕೆಟ್ ಹಾಕ್ಲಾ?"

"ಏಯ್, ನನ್ನತ್ರಾನೇ ಲಗೇಜ್ ಕೇಳ್ತೀಯೇನ್ಲಾ?"

"ನಿಮ್ಮತ್ರಾನೇ ಕೇಳ್ಬೇಕು ಕಣಣ್ಣ. ಡ್ರೈವರಾಗಿದ್ದಾಗ ಕೋಳಿಮರಿ ಬುಟ್ಟಿಗೂ ಲಗೇಜ್ ಹಾಕಿಸ್ತಿದ್ರಲ್ಲ!"

ಲಗೇಜ್ ತೆತ್ತು, ತಟ್ಟಿ ಓರೆ ಮಾಡಿ ಹೆಂಗೋ ಒಳಗೆ ತೂರಿಸಿ, ಮಾಗಡಿವರೆಗೂ ಅದರ ಹಿಂದೆ ಮುಖ ಮುಚ್ಚಿಕೊಂಡು ನಿಂತೆ.

ಅಷ್ಟು ಮಾಡಿ ಹೋದರೆ ಏನಾಯಿತು? ನಾನು ಈ ಕಡೆ ಕುರ್ಚಿಯಲ್ಲಿ, ನಮ್ಮವಳು ಆ ಕಡೆ ಚಾಪೆ ಮೇಲೆ, ಮಧ್ಯದಲ್ಲಿ ಬೀಗಿತ್ತಿಯವರು ಮಂಡಿ ನೀವಿಕೊಂಡು. "ಯಾವಾಗ ಬತ್ತೀಯ?" ಅಂತ ಕೇಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಬಾಯಿ ತೆರೆದರೆ, "ಇಲ್ಲಿ ನಲ್ಲಿ ನೀರು ಚೆನ್ನಾಗಿ ಬತ್ತದಾ?" ಅಂತ ಬಂತು. "ಬತ್ತದೆ" ಅಂದಳು. ಬೀಗಿತ್ತಿಯವರು ದಿನ ಬಿಟ್ಟು ದಿನ ಅಂತ ವಿವರವಾಗಿ ಹೇಳಿದರು.

ಹೊರಡುವಾಗ ಗೇಟಿನವರೆಗೂ ಬಂದು ಒಂದು ಭಾರದ ಚೀಲ ಕೈಗಿಟ್ಟಳು. "ಬರಿಗೈಲಿ ಹೋಗ್ಬ್ಯಾಡಿ" ಅಂದಳು. ಕಣ್ಣು ಒಸಿ ಒದ್ದೆ ಇತ್ತು. ಪಾಪ, ನನಗೋಸ್ಕರ ಕದ್ದುಮುಚ್ಚಿ ಒಬ್ಬಟ್ಟು ಮಾಡಿದ್ದಾಳೆ ಅಂತ ಬಸ್ಸು ಹತ್ತಿದ ಕೂಡಲೇ ಚೀಲ ಬಿಚ್ಚಿದೆ. ಬೀಗರ ಮನೆಯ ಖಾಲಿ ಹಾರ್ಲಿಕ್ಸ್ ಬಾಟಲಿಗಳು. ತೊಳೆದು, ಒರೆಸಿ, ಮುಚ್ಚಳ ಹಾಕಿದ್ದಳು.

ಸದ್ದು

ಮುಂದಿನ ಕಾರಣಕ್ಕೆ ಕಾಯೋಕಾಗದೆ ನಾನೇ ಒಂದು ಮಾಡಿಕೊಂಡೆ. ಆ ಬಾಟಲಿಗಳಲ್ಲೊಂದು ಪ್ಲಾಸ್ಟಿಕ್ಕಿನದು. ಅದಕ್ಕೆ ಹುರುಳಿಕಾಳು ತುಂಬಿ, ಬಣ್ಣದ ಕಾಗದ ಸುತ್ತಿ, ಮುರಿದ ಪೊರಕೆ ಹಿಡಿ ಸಿಕ್ಕಿಸಿದೆ. ಮೊಮ್ಮಗುವಿಗೆ ಗಿಲಕಿ! ಮಗು ಇನ್ನೂ ಹುಟ್ಟಿರಲಿಲ್ಲ, ಅದು ಬೇರೆ ವಿಷಯ. ಚನ್ನಪಟ್ಟಣ ಪಕ್ಕದಲ್ಲೇ ಇಟ್ಟುಕೊಂಡು ಇಂಥ ಗಿಲಕಿ ಮಾಡಿದವನು ನಾನೊಬ್ಬನೇ ಇರಬೇಕು.

ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಊರು ದಾಟಿದ ಮೇಲೆ ಡ್ರೈವರ್ ಕಿವಿ ನಿಮಿರಿಸಿದ. ಹೊಸ ಹುಡುಗ, ಆದರೂ ಕಿವಿ ಚುರುಕು. ಬಸ್ಸು ಪಕ್ಕಕ್ಕೆ ನಿಲ್ಲಿಸಿದ.

"ಹಿಂದ್ಗಡೆ ಏನೋ ಕಟಕಟ ಅಂತಾ ಐತೆ."

ನನಗೂ ಕೇಳಿಸಿತ್ತು. ನನ್ನೊಳಗಿನ ಡ್ರೈವರ್ ಎದ್ದು ಕೂತ. ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ, ಬಗ್ಗಿದೆ, ಟೈರಿಗೆ ಕಾಲಲ್ಲಿ ಒದ್ದೆ. "ಕಮಾನ್ ಪ್ಲೇಟ್ ಸಡಿಲ ಆಗೈತೆ ಕಣ್ಲಾ, ನೋಡು, ಇಲ್ಲೇ ಸದ್ದು ಬತ್ತಾ ಐತೆ" ಅಂದೆ. ಹುಡುಗ ಪಾಪ ಬಸ್ಸಿನ ಕೆಳಗೆ ತೂರಿದ. ಜನ ಒಬ್ಬೊಬ್ಬರೇ ಇಳಿದು ಬೈಯತೊಡಗಿದರು.

ಕಿಟಕಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಇಳಿಯಲಿಲ್ಲ. ನಾನು ಹಿಂದಿನ ಟೈರಿನಿಂದ ಮುಂದಿನ ಟೈರಿಗೆ ಓಡುವುದನ್ನೇ ನೋಡುತ್ತಿತ್ತು. ಆಮೇಲೆ ಬೊಚ್ಚುಬಾಯಿ ಬಿಟ್ಟು ಹೇಳಿತು: "ಅಪ್ಪಾ, ಆ ಯಪ್ಪನ್ನ ಇಲ್ಲೇ ಬುಟ್ಟು ನಡೀರಿ. ಕೆಟ್ಟೋಗಿರಾದು ಬಸ್ಸಲ್ಲ."

ಪಂಚೆ

ಕೊನೆಗೂ ಫೋನ್ ಬಂತು. ಹೆಣ್ಣುಮಗು, ತಾಯಿ ಮಗು ಚೆನ್ನಾಗಿದ್ದಾರೆ. ನಾನು ದೇವರಿಗೆ ಕೈಮುಗಿದು, ಮಿಕ್ಸಿಗೂ ಮುಗಿದೆ. ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವಳು ಮತ್ತೆ ಫೋನ್ ಮಾಡಿದಳು.

"ಅಳಿಯಂದಿರು ಹೊಸ ಬಟ್ಟೆ ರಾಶಿ ತಂದವ್ರೆ. ಬೀಗಿತ್ತಿ ಮುಟ್ಟಂಗಿಲ್ಲ ಅಂತಾವ್ರೆ. ನಾಮಕರಣದಗಂಟ ಹಿರೀಕರು ಉಟ್ಟು ಮೆತ್ತಗಾಗಿರೋ ಹಳೇ ಬಟ್ಟೇನೇ ಕೂಸಿಗೆ. ಇಲ್ಲಿ ಇರೋದೆಲ್ಲ ಪಾಲಿಯೆಸ್ಟರು. ನಿಮ್ ಹಳೇ ಪಂಚೆ ತನ್ನಿ."

ಬೀರು ತೆಗೆದೆ. ಪಂಚೆ ಎಲ್ಲಿದೆ? ಒಂದು ಕಿಟಕಿಯಲ್ಲಿ ನೇತಾಡುತ್ತಿತ್ತು. ಒಂದು ಸಂಡಿಗೆ ಬಟ್ಟೆ. ಇನ್ನೊಂದು ನೆಲ ಒರೆಸೋ ಕೋಲಿನ ತುದಿಯಲ್ಲಿ. ಉಳಿದಿದ್ದು ಸೊಂಟದ ಮೇಲಿದ್ದದ್ದೊಂದೇ, ಒಗೆದೂ ಒಗೆದೂ ಬೆಣ್ಣೆ ಆಗಿತ್ತು. ಅದನ್ನೇ ಉಟ್ಟುಕೊಂಡು ಹೊರಟೆ. ಅಲ್ಲಿ ಬದಲಾಯಿಸೋಕೆ ನನ್ನ ಖಾಕಿ ಪ್ಯಾಂಟು ಬ್ಯಾಗಿಗೆ ಹಾಕಿಕೊಂಡೆ. ಡ್ಯೂಟಿಯದು, ಗಟ್ಟಿಮುಟ್ಟು, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಮಾಗಡಿ ತಲುಪಿದೆ. ಮಗು ನೋಡಿದೆ. ಅಂಗೈಯಗಲ ಮುಖ, ಹುಬ್ಬು ಗಂಟಿಕ್ಕಿಕೊಂಡು ಮಲಗಿತ್ತು. "ಕ್ವಾಪ ನೋಡು, ಥೇಟ್ ನಮ್ಮಪ್ಪಂದೇ" ಅಂದಳು ಮಗಳು. ನನಗೆ ಅಲ್ಲಿಂದ ಏಳೋಕೆ ಮನಸ್ಸೇ ಬರಲಿಲ್ಲ. ಸಾಯಂಕಾಲದ ಬಸ್ಸಿಗೆ ಹೋಗಿ ಆ ಖಾಲಿ ಮನೆ ಬೀಗ ತೆಗೀಬೇಕಲ್ಲ ಅಂತ ಮಗು ಪಕ್ಕಕ್ಕೇ ಇನ್ನಷ್ಟು ಸರಿದು ಕೂತೆ.

"ಪಂಚೆ ಎಲ್ಲಿ?" ಅಂದಳು ನಮ್ಮವಳು.

"ಉಟ್ಟಿರೋದೇ. ಬೇರೆ ಇಲ್ಲ."

ಅಳಿಯಂದಿರು ಒಂದು ಲುಂಗಿ ತಂದುಕೊಟ್ಟರು. ಕೆಂಪು ನೆಲದ ಮೇಲೆ ತಟ್ಟೆಯಗಲದ ಹಳದಿ ಹೂವು. ಉಟ್ಟುಕೊಂಡು ಬಂದು ಪಂಚೆ ಕೊಟ್ಟೆ. ಬೀಗಿತ್ತಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬೀಗ್ರೇ, ಬ್ಯಾರೆ ಬಟ್ಟೆ ತಂದಿಲ್ವಾ?"

ಪ್ಯಾಂಟು ಬ್ಯಾಗಿನ ತಳದಲ್ಲಿತ್ತು. ಇದೆ ಅನ್ನೋ ಮಾತು ನಾಲಿಗೆ ತುದಿಯವರೆಗೂ ಬಂತು. "ಅವಸರದಲ್ಲಿ ಮರ್ತೇಬುಟ್ಟೆ" ಅಂದುಬಿಟ್ಟೆ.

"ಈ ಹೂವಿನ ಲುಂಗೀಲಿ ಬಸ್ ಹತ್ತಿದ್ರೆ ನಮ್ ಮನೆ ಮರ್ವಾದೆ ಏನಾಯ್ತದೆ? ಇವತ್ತು ಇಲ್ಲೇ ಇರಿ."

ನಾನು ಬೇಡ ಅಂತ ಒಂದು ಮಾತು ಹೇಳಿದೆ. ಎರಡನೇ ಸಲ ಹೇಳಲಿಲ್ಲ.

ಆ ಸಂಜೆ ಇವಳು ಪಂಚೆ ಹರಿದು ತುಂಡು ಮಾಡುತ್ತಾ ಕೂತಳು, ನಾನು ಮಡಿಸುತ್ತಾ ಕೂತೆ. ಬೀಗಿತ್ತಿಯವರು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳೋಕೆ ಒಳಗೆ ಹೋಗಿದ್ದರು. "ಮನೇಲಿ ನೀನಿಲ್ದೆ ಆಗಲ್ಲ ಕಣೇ" ಅಂದುಬಿಟ್ಟೆ. ಅವಳು ಇನ್ನೊಂದು ತುಂಡು ಹರಿದಳು.

ಬೆಳಗ್ಗೆ ಎದ್ದಾಗ ಮನಸ್ಸು ಚುಚ್ಚಿತು. ಬೀಗರ ಮನೆಯಲ್ಲಿ ಸುಳ್ಳು ಹೇಳಿ ಎಷ್ಟು ದಿನ ಅಂತ ಕೂರೋದು? ಪ್ಯಾಂಟು ಈಗ ಸಿಕ್ಕಿತು ಅಂತ ಹೇಳಿ ಹೊರಡೋಣ ಅಂತ ಬ್ಯಾಗು ತೆಗೆದೆ. ತಳದವರೆಗೂ ಕೈ ಹಾಕಿದೆ. ಬ್ಯಾಗು ಖಾಲಿ.

ಹಿತ್ತಲಿಗೆ ಬಂದೆ. ಚಂದ್ರಿಕೆ ಮೇಲೆ ನನ್ನ ಪಂಚೆ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ಅದರ ಪಕ್ಕ ಇವಳು ಸೂಜಿ ಹಿಡಿದು ಕೂತಿದ್ದಾಳೆ. ಮಡಿಲಲ್ಲಿ ಖಾಕಿ ಬಣ್ಣದ ಎರಡು ಉದ್ದ ಚೀಲ.

"ಏನೇ ಅದು!"

"ನೋಡಿ, ಒಂದ್ ಕಾಲು ಕೂಸಿನ ಒಗೆದ ಬಟ್ಟೆಗೆ, ಇನ್ನೊಂದ್ ಕಾಲು ಒಗೆಯೋ ಬಟ್ಟೆಗೆ."

"ಅಯ್ಯೋ, ಗಟ್ಟಿ ಪ್ಯಾಂಟ್ ಕಣೇ ಅದು! ಎಲ್ಲೂ ಹರಿದಿರ್ಲಿಲ್ಲ! ಚೆನ್ನಾಗಿರೋದಕ್ಕೆ ಕತ್ತರಿ ಹಾಕಂಗಿಲ್ಲ ಅಂತ ಜೀವಮಾನವೆಲ್ಲ ಹೇಳಿದೋಳು ನೀನು!"

ಅವಳು ತಲೆ ಎತ್ತಲಿಲ್ಲ. ದಾರ ಹಲ್ಲಲ್ಲಿ ಕಡಿದಳು.

"ಚೆನ್ನಾಗಿದ್ದಿದ್ರೆ ಬ್ಯಾಗಿನ ತಳದಲ್ಲಿ ಯಾಕ್ ಬಚ್ಚಿಡ್ತಿದ್ರಿ?"

ಲುಂಗಿ ಎತ್ತಿ ಕಟ್ಟಿಕೊಂಡು ಮೆಲ್ಲಗೆ ಕೇಳಿದೆ: "ಈಗ ನಾನು ಊರಿಗೆ ಹೋಗಾದು ಹೆಂಗೆ?"

"ನಾಮಕರಣಕ್ಕೆ ಅಳಿಯಂದಿರು ಹೊಸ ಪಂಚೆ ತತ್ತಾರಂತೆ" ಅಂದಳು. "ಅಲ್ಲೀಗಂಟ ಆ ಲುಂಗಿ ಹುಷಾರು. ಹರಿದ್ರೆ ಅದೂ ನಂದೇ."