ಕ್ಯಾಸೆಟ್ಟಿನ ಕೊನೆಯ ಹಾಡು

ಗಾಯಕ ಪ್ರಸಿದ್ಧನಾದರೆ ಇಂಥವೆಲ್ಲ ಆಗುತ್ತಲೇ ಇರುತ್ತವಂತೆ. ನಮ್ಮ ಮೂಡಿಗೆರೆಯ ವಾದ್ಯಗೋಷ್ಠಿಯ ಗಾಯಕನಿಗೆ ಪ್ರಸಿದ್ಧನಾದ ಮೇಲೆ ಬೇರೇನೂ ಆಗಲೇ ಇಲ್ಲ.

ತೊಂಬತ್ತರ ದಶಕದಲ್ಲಿ ಅವನು ತನ್ನದೇ ಭಾವಗೀತೆಗಳ ಕ್ಯಾಸೆಟ್ಟು ತಂದ. ಕೊನೆಯಲ್ಲಿ ಟೇಪು ಸ್ವಲ್ಪ ಉಳಿಯಿತು. ಖಾಲಿ ಬಿಡುವುದೇಕೆಂದು, ಹೇಗೆ ಬೇಕಾದರೂ ಕುಣಿಯಬಹುದಾದ ಒಂದು ಫ್ರೀಸ್ಟೈಲ್ ಡ್ಯಾನ್ಸ್ ಹಾಡು ತುಂಬಿದೆವು. ಡೋಲಕ್ ನನ್ನದು. ಗೆದ್ದದ್ದು ಅದೊಂದೇ ಹಾಡು. ಒಂದು ಭಾವಗೀತೆಯನ್ನಾದರೂ ಜನ ಕೊನೆಯವರೆಗೆ ಕೇಳಲಿ ಎಂಬುದಷ್ಟೇ ಅವನ ಆಸೆಯಾಗಿ ಉಳಿಯಿತು.

ಕಣದಲ್ಲಿ

ಒಬ್ಬ ಎಸ್ಟೇಟ್ ಸಾಹುಕಾರರು ಒಂದು ಕಟ್ಟು ಕ್ಯಾಸೆಟ್ ಕೊಂಡರು. ಗಾಯಕ ಕೈಮುಗಿಯಲು ಹೋದ, ಜೊತೆಗೆ ನಾನೂ.

"ಯಾವ ಹಾಡು ಇಷ್ಟವಾಯ್ತು ಸಾರ್?"

"ನಾನು ಕೇಳಿಲ್ಲಪ್ಪ. ಕಣದಲ್ಲಿ ಹಾಕಿಸ್ತೀನಿ."

ಕಾಫಿ ಹಣ್ಣು ಹರವಿದ ಕಣದಲ್ಲಿ ಹೆಂಗಸರು ಕಾಲಿನಿಂದ ಕಾಫಿ ತಿರುವುತ್ತ ಆ ಡ್ಯಾನ್ಸ್ ಹಾಡಿಗೆ ಕುಣಿಯುತ್ತಿದ್ದರು. ಟೇಪು ಸವೆಯುವಷ್ಟು ಹಾಕಿದ್ದಕ್ಕೇ ಇಡೀ ಕಟ್ಟು ಬೇಕಾಗಿತ್ತು.

"ಭಾವಗೀತೆಗಳೂ ಇವೆ ಸಾರ್..."

"ಒಂದಿನ ಹಾಕ್ಸಿದೆ. ಎಲ್ರೂ ನಿಂತ್ಕೊಂಡು ಕೇಳಿದ್ರು. ಕಾಫಿ ಒಂದೇ ಪಕ್ಕ ಒಣಗ್ತು."

ಜೀಪಿನಲ್ಲಿ

ಬಾಳೂರಿಗೆ ಹೋಗುವ ಜೀಪಿನಲ್ಲೂ ಅದೇ ಹಾಡು. ಆ ರಸ್ತೆಯಲ್ಲಿ ಕುಣಿಯಲು ಹಾಡೇ ಬೇಕಿರಲಿಲ್ಲ, ಸೀಟು ಸಾಕಿತ್ತು. ಗಾಯಕ ಮುಂದಕ್ಕೆ ಬಾಗಿ, "ಕ್ಯಾಸೆಟ್ಟು ತಿರುಗಿಸಿ ಹಾಕು ಮಾರಾಯ, ಆ ಕಡೆಯೂ ನಾನೇ ಹಾಡಿದ್ದು" ಎಂದ.

ಡ್ರೈವರ್ ಗೌರವದಿಂದ ತಿರುಗಿಸಿದ. ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ತೆಗೆದ.

"ಬಾಳ ಚೆನ್ನಾಗಿದೆ ಅಣ್ಣ. ಕಣ್ಣು ಎಳೀತಿದೆ. ಕೆಳಗೆ ಪ್ರಪಾತ. ಇನ್ನೂ ಕೇಳ್ಬೇಕಾ?"

ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ, "ಬೇಡ ಮಾರಾಯಾ, ನನ್ನ ಮೊಮ್ಮಗಳ ಮದುವೆ ಇನ್ನೂ ಆಗಿಲ್ಲ" ಎಂದರು.

ಮದುವೆಯಲ್ಲಿ

ಜಾವಳಿಯ ಒಂದು ಮದುವೆಯಲ್ಲಿ ಹುಡುಗನ ಅಜ್ಜ ಧಾರಾಳವಾಗಿ, "ಮೊದ್ಲು ನಿಮಗೆ ಬೇಕಾದ್ದು ಹಾಡಿ. ಆಮೇಲೆ ನಮ್ದು" ಎಂದುಬಿಟ್ಟರು.

ಗಾಯಕ ಡೋಲಕ್ ಮುಟ್ಟಬೇಡ ಎಂದು ನನಗೆ ಸನ್ನೆ ಮಾಡಿ, ಕಣ್ಣು ಮುಚ್ಚಿ ಭಾವಗೀತೆ ಶುರು ಮಾಡಿದ. ಚಪ್ಪರ ನಿಶ್ಶಬ್ದವಾಯಿತು. ಕೆಮ್ಮಿಲ್ಲ, ಹರಟೆಯಿಲ್ಲ, ಊಟದ ಕಡೆ ಓಟವಿಲ್ಲ. ಮೊದಲ ಚರಣ, ಎರಡನೆಯದು, ಮೂರನೆಯದು. ಇಂಥ ಶ್ರೋತೃಗಳು ಮತ್ತೆ ಸಿಕ್ಕಾರೇ ಎಂದು ಪಲ್ಲವಿಯನ್ನು ಇನ್ನೊಮ್ಮೆ, ಮತ್ತೂ ನಿಧಾನವಾಗಿ ಹಾಡಿ, ಒದ್ದೆಯಾದ ಕಣ್ಣು ತೆರೆದ.

ಎಲ್ಲರೂ ಎದ್ದು ಸಾಲಾಗಿ ನಿಂತಿದ್ದರು. ಬಲಗೈ ಆಕಾಶಕ್ಕೆ, ಎಡಗೈ ಸೊಂಟಕ್ಕೆ. ಬಡಿಸುವವರ ಬಲಗೈಯಲ್ಲಿ ಸೌಟೂ ಇತ್ತು. ಕುಣಿತ ಫ್ರೀಸ್ಟೈಲೇ ಆದರೂ ನಮ್ಮ ಕಡೆಯವರು ಅದಕ್ಕೊಂದು ಶಿಸ್ತು ತಂದಿದ್ದರು: ಡೋಲಕ್ಕಿನ ಮೊದಲ ಪೆಟ್ಟು ಬೀಳುವವರೆಗೆ ಹೀಗೇ ಅಲುಗದೆ ನಿಲ್ಲಬೇಕು.

ಮುಂದಿನ ಸಾಲಿನಲ್ಲಿ ಅಜ್ಜನ ಕೈ ನಡುಗುತ್ತಿತ್ತು.

"ಪೀಠಿಕೆ ಬಾಳ ಚೆನ್ನಾಗಿತ್ತು ಮಾರಾಯ್ರೇ," ಎಂದರು. "ಇನ್ನೂ ಉಂಟು ಅಂತಾದ್ರೆ ಹೇಳಿ, ಕೈ ಬದಲಾಯಿಸ್ಕೊಳ್ತೀವಿ."